ನಾಲ್ಕು ಕೈಯ ಬಾರಿನವನನ್ನು ಕುಡಿದು ಸೋಲಿಸಿದ್ದು

ನಾನು ಒಂದು ತೊಟ್ಟು ಮದ್ಯ ಮುಟ್ಟಿದವಳಲ್ಲ. ಆದರೂ ಒಬ್ಬ ರಕ್ಕಸನ ಎದುರು ಕೂತು, ಅವನು ನೆಲಕ್ಕುರುಳುವ ತನಕ ಕುಡಿದು ಗೆದ್ದದ್ದುಂಟು. ಎಂಬತ್ತರ ದಶಕದ ಕೊನೆಯ ಮಾತು. ಬಲ್ಮಠದ ಒಂದು ಹಂಚಿನ ಮನೆಯ ಜಗಲಿಯಲ್ಲಿ, ಆದಿತ್ಯವಾರ ಮಧ್ಯಾಹ್ನ ಅದು ನಡೆಯಿತು.

ಆಗ ನನಗೆ ಇಪ್ಪತ್ತೆಂಟು. ಹತ್ತಿರದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಆ ಮನೆಯ ಮಾಳಿಗೆಯ ಕೋಣೆ ನನ್ನದಾಗಿತ್ತು. ಮನೆಯೊಡತಿ ನಿವೃತ್ತ ನರ್ಸು, ವಿಧವೆ, ಕೊಂಕಣಿ ಮಾತಾಡುವ ಕ್ರೈಸ್ತರು. ನಾನೂ ಉಳಿದವರಂತೆ ಅವರನ್ನು ಕೊಂಕಣಿಯ ಗೌರವದ ಮಾತಿನಲ್ಲಿ ‘ಬಾಯಿ’ ಎಂದೇ ಕರೆಯುತ್ತಿದ್ದೆ. ಅವರ ಇಬ್ಬರು ಹೆಣ್ಣುಮಕ್ಕಳು ಗಲ್ಫಿನಲ್ಲಿ, ಒಬ್ಬನೇ ಮಗ ಸರಕು ಹಡಗಿನಲ್ಲಿ ರೇಡಿಯೋ ಆಫೀಸರ್. ಸಂಜೆ ಏಳಕ್ಕೆ ಕೆಳಗಿನಿಂದ ಅವರೊಬ್ಬರೇ ಜಪಮಾಲೆ ಹಿಡಿದು ಹೇಳುವ ತೇಸರದ ಪ್ರಾರ್ಥನೆಯ ದನಿ ಕೇಳುತ್ತಿತ್ತು. ಮೇಲೆ ನಾನು ಕಾಂಪೊಸಿಷನ್ ಪುಸ್ತಕಗಳನ್ನು ತಿದ್ದುತ್ತಿದ್ದೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟರೆ ಸೋಮವಾರ ಬೆಳಿಗ್ಗೆ ತನಕ ನಾನು ಮಾತಾಡುವ ಸಂದರ್ಭವೇ ಬರುತ್ತಿರಲಿಲ್ಲ. ಎಷ್ಟೋ ಸಲ ಸೋಮವಾರದ ಮೊದಲ ಪೀರಿಯಡ್‌ನಲ್ಲಿ ಹಾಜರಿ ಕರೆಯಲು ಹೊರಟರೆ ಗಂಟಲಿನಿಂದ ಸ್ವರವೇ ಹೊರಡದೆ, ಕೆಮ್ಮಿ ಸರಿಮಾಡಿಕೊಳ್ಳಬೇಕಾಗುತ್ತಿತ್ತು.

ಅಪ್ಪ ಇದ್ದದ್ದು ದೂರವೇನಲ್ಲ, ನೇತ್ರಾವತಿ ಸೇತುವೆಯ ಆಚೆ ತೊಕ್ಕೊಟ್ಟಿನಲ್ಲಿ. ನಾವು ಗದ್ದೆ, ತೋಟ ಇದ್ದ ತುಳು ಕುಟುಂಬದವರು. ಎಪ್ಪತ್ತರ ದಶಕದಲ್ಲಿ ಉಳುವವನೇ ಒಡೆಯ ಎಂಬ ಕಾನೂನು ಬಂದು ಭೂಮಿ ಒಕ್ಕಲುಗಳಿಗೆ ಹೋದ ಮೇಲೆ ಅಪ್ಪ ತೊಕ್ಕೊಟ್ಟಿನ ಪೇಟೆಯಲ್ಲಿ ಒಂದು ಬಾರ್ ತೆರೆದರು. ಅದೇ ಹೊತ್ತಿಗೆ ಅಮ್ಮ ತೀರಿಕೊಂಡರು. ಬಾರಿನ ಹಿಂದಿನ ಕೋಣೆಯಲ್ಲಿ ಬೆಳೆಯುವ ಹುಡುಗಿಯನ್ನು ಇಟ್ಟುಕೊಳ್ಳುವುದು ಹೇಗೆ ಎಂದು ಅವರು ನನ್ನನ್ನು ಹಾಸ್ಟೆಲಿಗೆ ಸೇರಿಸಿದರು. ಹಾಸ್ಟೆಲಿನಿಂದ ಕಾಲೇಜು, ಕಾಲೇಜಿನಿಂದ ಕೆಲಸ, ಕೆಲಸದಿಂದ ಈ ಮಾಳಿಗೆ. ತಿಂಗಳಿಗೊಮ್ಮೆ ಅಪ್ಪನನ್ನು ನೋಡಲು ಹೋಗುತ್ತಿದ್ದೆ, ಯಾವಾಗಲೂ ಹಿಂಬಾಗಿಲಿನಿಂದ. ಅಪ್ಪ ಏನು ಮಾಡಿಕೊಂಡಿದ್ದಾರೆ ಎಂದು ಶಾಲೆಯಲ್ಲಿ ಕೇಳಿದರೆ “ಹೋಟೆಲ್” ಎನ್ನುತ್ತಿದ್ದೆ. ಕೇಳಿದವರು ಇಡ್ಲಿ, ಬನ್ಸಿನ ಹೋಟೆಲೆಂದು ತಿಳಿದುಕೊಳ್ಳುತ್ತಿದ್ದರು. ನಾನು ತಿದ್ದುತ್ತಿರಲಿಲ್ಲ. ತಿದ್ದುವುದೇ ನನ್ನ ಕಸುಬಾಗಿದ್ದರೂ.

ಬಾಯಿಯ ಮಗ ಮನೆಗೆ ಬಂದದ್ದು ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಅಡ್ಡ ಮಲಗಿಕೊಂಡು. ಹಡಗಿನ ಕಬ್ಬಿಣದ ಏಣಿಯಿಂದ ಜಾರಿ ಬಿದ್ದು ಬಲಗಾಲು ಎರಡು ಕಡೆ ಮುರಿದಿತ್ತು. ತೊಡೆಯವರೆಗೆ ಪ್ಲಾಸ್ಟರ್, ಮೂರು ತಿಂಗಳ ವಿಶ್ರಾಂತಿ. ನನಗಿಂತ ಮೂರೋ ನಾಲ್ಕೋ ವರ್ಷ ದೊಡ್ಡವನು, ಆಗಲೇ ಮುಂಗೂದಲು ಕಡಿಮೆಯಾಗಿತ್ತು. ಹಗಲಿಡೀ ಜಗಲಿಯ ಬೆತ್ತದ ಕುರ್ಚಿಯಲ್ಲಿ ಕೂತು, ಕಾಲನ್ನು ಸ್ಟೂಲಿನ ಮೇಲಿಟ್ಟು ರಸ್ತೆ ನೋಡುತ್ತಿದ್ದ. ನಾನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ತಲೆಯಾಡಿಸುತ್ತಿದ್ದೆ. ಅಷ್ಟೇ.

ಒಂದು ಆದಿತ್ಯವಾರ ಊಟದ ಮೇಲೆ ಬಾಯಿ ಮಲಗಿದ್ದರು. ನಾನು ಒಣಗಿದ ಬಟ್ಟೆ ತೆಗೆದುಕೊಂಡು ಜಗಲಿ ದಾಟುತ್ತಿದ್ದೆ.

“ಟೀಚರ್, ಈಗ ಎಂತ ಕೆಲಸ ಉಂಟು ನಿಮಗೆ?”

“ಎಂತ ಕೆಲಸ? ಆದಿತ್ಯವಾರ ಅಲ್ವಾ.”

“ಹಾಗಾದ್ರೆ ಸ್ವಲ್ಪ ಕೂತ್ಕೊಳ್ಳಿ ಮಾರಾಯ್ರೆ. ಇದು ಒಬ್ಬನೇ ಆಡುವ ಆಟ ಅಲ್ಲ. ನಾಲ್ಕು ದಿನದಿಂದ ಒಬ್ಬನೇ ಆಡ್ಲಿಕ್ಕೆ ನೋಡಿ ತಲೆ ಕೆಟ್ಟುಹೋಯ್ತು.”

ಅವನ ಮಡಿಲಲ್ಲಿ ಒಂದು ಚಪ್ಪಟೆ ರಟ್ಟಿನ ಪೆಟ್ಟಿಗೆ ಇತ್ತು, ಸಿಂಗಾಪುರದಲ್ಲಿ ಕೊಂಡದ್ದಂತೆ. ಒಳಗೆ ಒಂದು ತೆಳು ಪುಸ್ತಕ, ಬೆಟ್ಟ ಕಣಿವೆಗಳ ನಕಾಶೆ, ಇಪ್ಪತ್ತು ಮುಖದ ದಾಳ. ಮಣೆ ಇಲ್ಲ, ಕಾಯಿ ಇಲ್ಲ. ಒಬ್ಬ ಕಥೆ ಹೇಳಬೇಕು. ಉಳಿದವರು ಆ ಕಥೆಯೊಳಗೆ ಒಬ್ಬೊಬ್ಬರಾಗಿ ಹೊಕ್ಕು ‘ನಾನು ಹೀಗೆ ಮಾಡ್ತೇನೆ’ ಎನ್ನಬೇಕು. ಅದು ಆಗುತ್ತದೋ ಇಲ್ಲವೋ ಎಂದು ದಾಳ ಹೇಳುತ್ತದೆ. ಹಡಗಿನಲ್ಲಿ ವಾರಗಟ್ಟಲೆ ನೀರೇ ನೀರು ಕಾಣುವಾಗ ಇವನು ಕಥೆ ಹೇಳುವುದು, ಮೂವರು ಗೆಳೆಯರು ಆಡುವುದು.

“ನೀವು ಯಾರಾಗ್ತೀರಿ? ಯೋಧೆ, ಮಾಟಗಾತಿ, ಕಳ್ಳಿ, ಮೂರರಲ್ಲಿ ಒಂದು ಹೇಳಿ.”

“ಟೀಚರ್ ಆಗ್ಲಿಕ್ಕೆ ಆಗುವುದಿಲ್ವಾ?”

“ಟೀಚರನ್ನು ಮೊದಲನೇ ಪುಟದಲ್ಲೇ ತೋಳ ತಿಂತದೆ.”

ಕಳ್ಳಿಯಾದೆ. ಯಾಕೆ ಹಾಗೆಂದೆನೋ ತಿಳಿಯದು. ಹೇಳಿದ ಮೇಲೆ ಕಿವಿ ಬಿಸಿಯಾಯಿತು.

ಕಥೆಯಲ್ಲಿ ಎರಡು ಬೆಟ್ಟಗಳ ನಡುವೆ ಒಂದು ಕಣಿವೆ. ಕಣಿವೆಯ ಬಾಯಿಗೆ ಅಡ್ಡವಾಗಿ ಒಂದು ಹೆಂಡದ ಅಂಗಡಿ. ಅಂಗಡಿಯ ಒಳಗಿಂದಲ್ಲದೆ ಆಚೆ ಹೋಗಲು ಬೇರೆ ದಾರಿಯಿಲ್ಲ. ಅಂಗಡಿಯವನು ರಕ್ಕಸ, ತಲೆ ಮಾಡಿನ ಹಂಚಿಗೆ ತಾಗುತ್ತದೆ, ಕೋರೆಹಲ್ಲು ಗಲ್ಲದ ಕೆಳಗೆ ಇಳಿದಿದೆ. ನಾಲ್ಕು ಕೈ. ಎರಡರಿಂದ ಸುರಿಯುತ್ತಾನೆ, ಒಂದರಿಂದ ಮೇಜು ಒರೆಸುತ್ತಾನೆ, ನಾಲ್ಕನೆಯದರಲ್ಲಿ ಅವನದೇ ಲೋಟ. ಅವನಿಗಿಂತ ಹೆಚ್ಚು ಕುಡಿದವರಿಗೆ ಹಿಂದಿನ ಬಾಗಿಲು ತೆರೆಯುತ್ತಾನೆ. ಸೋತವರು ಅಲ್ಲೇ ಲೋಟ ತೊಳೆಯುತ್ತಾ ಉಳಿಯಬೇಕು. ನಾನು ಕುಡಿಯುವ ಒಂದೊಂದು ಲೋಟಕ್ಕೂ ದಾಳ ಹಾಕಬೇಕು. ಮೊದಲ ಲೋಟಕ್ಕೆ ಐದರ ಮೇಲೆ ಬಿದ್ದರೆ ಸಾಕು, ಎರಡನೆಯದಕ್ಕೆ ಹತ್ತರ ಮೇಲೆ, ಮೂರನೆಯದಕ್ಕೆ ಹದಿನೈದರ ಮೇಲೆ. ರಕ್ಕಸ ಮಾತ್ರ ಎಷ್ಟನೇ ಲೋಟಕ್ಕಾದರೂ ಒಂದು ಬಿದ್ದರಷ್ಟೇ ಸೋಲುತ್ತಾನೆ.

ಆ ದಿನ ಮೂರನೇ ಲೋಟಕ್ಕೆ ಬಿದ್ದೆ. ಮುಂದಿನ ಆದಿತ್ಯವಾರ ಮತ್ತೆ ಮೊದಲಿನಿಂದ ಆಡಿ ಎರಡನೆಯದಕ್ಕೇ ಬಿದ್ದೆ.

“ಬೇಸರ ಮಾಡ್ಬೇಡಿ,” ಎಂದ. “ಹಡಗಿನಲ್ಲಿ ನಮ್ಮವರು ಕತ್ತಿ ಹಿಡಿದು ಹೋದದ್ದು. ಮೂವರ ಕತ್ತಿಯನ್ನೂ ಕಿತ್ಕೊಂಡ. ಇವನನ್ನು ದಾಟಿದವರೇ ಇಲ್ಲ.”

ನನಗೆ ಬೇಸರವಾಗಿರಲಿಲ್ಲ. ಎರಡು ಆದಿತ್ಯವಾರ ಒಬ್ಬರ ಜೊತೆ ನಾಲ್ಕು ಗಂಟೆ ಹೊತ್ತು ಮಾತಾಡಿದ್ದೆ. ಸೋಮವಾರ ಹಾಜರಿ ಕರೆಯುವಾಗ ಸ್ವರ ಸರಾಗವಾಗಿ ಬಂತು.

ಆ ವಾರವಿಡೀ ರಕ್ಕಸ ತಲೆಯಲ್ಲೇ ಕೂತಿದ್ದ. ಗುರುವಾರ ಪರೀಕ್ಷೆಯ ಕೋಣೆಯಲ್ಲಿ ಕಿಟಕಿಗೆ ಬೆನ್ನು ಕೊಟ್ಟು ನಿಂತಿದ್ದಾಗ ಥಟ್ಟನೆ ಹಳೆಯದೊಂದು ಮಧ್ಯಾಹ್ನ ನೆನಪಾಯಿತು. ಹಾಸ್ಟೆಲಿನಿಂದ ರಜೆಗೆ ಬಂದಿದ್ದೆ, ಹದಿಮೂರೋ ಹದಿನಾಲ್ಕೋ ವರ್ಷ. ಬಾರ್ ಇನ್ನೂ ತೆರೆದಿರಲಿಲ್ಲ. ಕೌಂಟರಿನ ಒಳಗೆ ಅಪ್ಪನ ಗ್ಲಾಸು ಇತ್ತು. ಗಿರಾಕಿಗಳು “ನೀವೂ ಒಂದು ತಕ್ಕೊಳ್ಳಿ ಧನಿಗಳೇ” ಎಂದು ಒತ್ತಾಯಿಸುವಾಗಲೆಲ್ಲ ಅವರು ಎತ್ತಿ ಕುಡಿಯುತ್ತಿದ್ದ ಗ್ಲಾಸು. ಅಪ್ಪ ದೊಡ್ಡ ಕುಡುಕನೆಂದೇ ನಾನು ನಂಬಿದ್ದೆ. ಹಾಸ್ಟೆಲಿನಲ್ಲಿ ಅದಕ್ಕಾಗಿ ಅತ್ತದ್ದೂ ಉಂಟು. ಅದರಲ್ಲಿ ಅಂಥದ್ದೇನಿದೆ ಎಂದು ಒಂದು ಗುಟುಕು ಕುಡಿದು ನೋಡಿದೆ. ಹಾಲು ಸಕ್ಕರೆ ಇಲ್ಲದ ತಣ್ಣನೆಯ ಚಾ.

ಹಿಂದೆ ಅಪ್ಪ ನಿಂತಿದ್ದರು. “ಯಾರಿಗೂ ಹೇಳ್ಬೇಡ,” ಎಂದರು. “ಬಾರಿನವ ಕುಡಿಯುವುದಿಲ್ಲ ಅಂತ ಗೊತ್ತಾದ್ರೆ ಕುಡಿಯುವವರಿಗೆ ನಾಚಿಕೆ ಆಗ್ತದೆ. ಮತ್ತೆ ಬರುವುದಿಲ್ಲ. ಕುಡಿದ್ರೆ ನಾನು ಉಳಿಯುವುದಿಲ್ಲ.” ಗ್ಲಾಸನ್ನು ತೊಳೆದು ಬಟ್ಟೆಯಿಂದ ಒರೆಸಿ ಮತ್ತೆ ಅಲ್ಲೇ ಇಟ್ಟರು. ಆ ಮಾತನ್ನು ನಾವಿಬ್ಬರೂ ಮತ್ತೆಂದೂ ಎತ್ತಲಿಲ್ಲ.

ಮೂರನೇ ಆದಿತ್ಯವಾರ ನನ್ನ ಕಳ್ಳಿ ಮತ್ತೆ ರಕ್ಕಸನ ಎದುರು ಕೂತಳು. ಬಾಯಿಯ ಮಗ ದಾಳವನ್ನು ನನ್ನ ಕಡೆ ತಳ್ಳಿದ.

“ತಡೀರಿ,” ಎಂದೆ. “ಅವನು ತನಗೆ ಎಲ್ಲಿಂದ ಸುರಿದುಕೊಳ್ತಾನೆ? ನನಗೆ ಕೊಡುವ ಪೀಪಾಯಿಯಿಂದಲೇನಾ?”

ಅವನು ಪುಸ್ತಕ ತಿರುವಿದ. “ಅದು ಬರೆದಿಲ್ಲ ಇಲ್ಲಿ.”

“ಬರೆದಿಲ್ಲದಿದ್ರೆ ನೀವು ನೋಡಿ ಹೇಳಿ. ಕಥೆ ನಿಮ್ಮದಲ್ವಾ?”

ಅವನು ಕಣ್ಣು ಮುಚ್ಚಿಕೊಂಡ, ನಿಜವಾಗಿಯೂ ಒಳಗೆ ಹೋಗಿ ನೋಡುವವನ ಹಾಗೆ. ಮತ್ತೆ ನಿಧಾನಕ್ಕೆ ಹೇಳಿದ: “ಇಲ್ಲ. ಅವನಿಗೆ ಬೇರೆ ಒಂದು ಹೂಜಿ ಉಂಟು. ಮೇಜಿನ ಅಡಿಯಲ್ಲಿ.”

“ಹಾಗಾದ್ರೆ ಅವನು ಮೇಜು ಒರೆಸುವಾಗ ನಾನು ಲೋಟ ಬದಲಾಯಿಸ್ತೇನೆ. ನಾನು ಕಳ್ಳಿ.”

“ಹದಿನಾಲ್ಕರ ಮೇಲೆ ಬೀಳ್ಬೇಕು.”

ಹದಿನೇಳು ಬಿತ್ತು. ಅವನ ಲೋಟ ನನಗೆ, ನನ್ನದು ಅವನಿಗೆ. ಬಾಯಿಯ ಮಗ ಎದ್ದು ನಿಲ್ಲಲಾಗದೆ ಕುರ್ಚಿಯಲ್ಲೇ ಎತ್ತರವಾದ. ಕುಡಿದ ರಕ್ಕಸನ ಮುಖವನ್ನು ತಾನೇ ಮಾಡಿ ತೋರಿಸಿದ. ಇನ್ನೂರು ವರ್ಷದಲ್ಲಿ ಅವನ ನಾಲಗೆಗೆ ತಾಗಿದ ಮೊದಲ ಹೆಂಡವಂತೆ. ಒಂದೊಂದೇ ಕೈ ಸೋತು ಕೆಳಗೆ ಬಿತ್ತು, ಕೊನೆಗೆ ಪೀಪಾಯಿಗಳ ಮೇಲೆ ಅವನೇ ಉರುಳಿದ. ಆ ಗದ್ದಲಕ್ಕೆ ಬಾಯಿ ಎದ್ದು ಬಂದರು.

“ಎಂತ ಆಯ್ತು? ಬಿದ್ದೆಯಾ?”

“ನಾನಲ್ಲ ಮಮ್ಮಿ, ರಾಕ್ಷಸ ಬಿದ್ದದ್ದು. ಟೀಚರ್ ಕುಡಿಸಿ ಬೀಳಿಸಿದ್ರು!”

ಬಾಯಿ ನಮ್ಮಿಬ್ಬರನ್ನೂ ಒಮ್ಮೆ ನೋಡಿ ಒಳಗೆ ಹೋದರು. ನಾನು ಅಷ್ಟು ಜೋರಾಗಿ ನಗುತ್ತಿದ್ದೆ ಎಂಬುದು ಅವರು ಹೋದ ಮೇಲೆ ನನಗೆ ತಿಳಿಯಿತು.

ಆಟ ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಬಾಯಿಯ ಮಗ ರಕ್ಕಸನನ್ನು ಬಿಟ್ಟುಕೊಡಲಿಲ್ಲ. ದನಿ ತಗ್ಗಿಸಿ, ನೆಲದ ಮೇಲೆ ಬಿದ್ದವನು ಕೇಳಿದಂತೆ ಕೇಳಿದ: “ಹೆಣ್ಣೇ, ಹೂಜಿಯ ವಿಷಯ ನಿನಗೆ ಹೇಗೆ ಗೊತ್ತಾಯ್ತು?”

ಬಾಯಿಯ ಮಗನಾಗಿ ಕೇಳಿದ್ದರೆ ಏನಾದರೊಂದು ಸುಳ್ಳು ಹೇಳುತ್ತಿದ್ದೆ. ಕೇಳಿದ್ದು ರಕ್ಕಸ. ರಕ್ಕಸನಿಗೆ ಹೇಳಿದೆ. ತೊಕ್ಕೊಟ್ಟು, ಬಾರು, ಕೌಂಟರಿನ ಗ್ಲಾಸು, ಹಿಂಬಾಗಿಲು, ಶಾಲೆಯಲ್ಲಿ ಹೇಳುವ ‘ಹೋಟೆಲ್’, ಬಂದು ನೋಡಿ ಹೋಗಿ ಮತ್ತೆ ಸುದ್ದಿ ಕಳಿಸದ ಎರಡು ಸಂಬಂಧಗಳು. ಅಷ್ಟನ್ನು ಒಟ್ಟಿಗೆ ಯಾರ ಎದುರೂ ಹೇಳಿದವಳಲ್ಲ. ಅವನು ದಾಳವನ್ನು ಬೆರಳಲ್ಲಿ ತಿರುಗಿಸುತ್ತಾ ಕೇಳಿಸಿಕೊಂಡ. ಕೊನೆಗೆ ಅದೇ ದನಿಯಲ್ಲಿ, “ಎಲ್ಲರೂ ಕುಡಿದಿರುವಲ್ಲಿ ಕುಡಿಯದವ ಒಬ್ಬನೇ ಅಲ್ವಾ? ನಿನ್ನ ಅಪ್ಪ ಯಾರ ಹತ್ತಿರ ಮಾತಾಡ್ತಾನೆ?” ಎಂದ.

ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಎದ್ದು ಮೇಲೆ ಹೋದೆ.

ಮುಂದಿನ ಶನಿವಾರ ಶಾಲೆ ಬಿಟ್ಟವಳೇ ಬಸ್ಸು ಹಿಡಿದು ತೊಕ್ಕೊಟ್ಟಿಗೆ ಹೋದೆ. ಮೊದಲ ಸಲ ಎದುರು ಬಾಗಿಲಿನಿಂದ ಒಳಗೆ ಹೋಗಿ ಒಂದು ಖಾಲಿ ಮೇಜಿನ ಮುಂದೆ ಕೂತೆ. ಅಪ್ಪನ ಜೊತೆ ಮಾತಾಡಬೇಕು ಎಂದಷ್ಟೇ ಇತ್ತು. ಏನು ಎಂದು ಯೋಚಿಸಿರಲಿಲ್ಲ. ಐದಾರು ಗಿರಾಕಿಗಳಿದ್ದರು. ಸೀರೆ ಉಟ್ಟು ವ್ಯಾನಿಟಿ ಬ್ಯಾಗು ಹಿಡಿದ ಹೆಂಗಸನ್ನು ಕಂಡು ಎಲ್ಲರ ಮಾತೂ ನಿಂತಿತು. ಒಬ್ಬರು ಗ್ಲಾಸನ್ನು ಕಾಲಿನ ಹತ್ತಿರ ಇಳಿಸಿದರು. ಅಪ್ಪ ಕೌಂಟರಿನಿಂದ ಹೊರಗೆ ಬಂದರು. ಅವರ ಮುಖ ಕೆಂಪಾಗಿತ್ತು.

“ಇಲ್ಲಿಗೆ ಯಾಕೆ ಬಂದದ್ದು? ಹಿಂದಿನಿಂದ ಬರ್ಲಿಕ್ಕೆ ಎಂತ ಆಗಿತ್ತು ನಿನಗೆ?”

“ಸುಮ್ಮನೆ, ಅಪ್ಪ. ಮಾತಾಡುವ ಅಂತ.”

“ಮಾತಾಡುವ ಜಾಗ ಅಲ್ಲ ಇದು.”

ನನ್ನ ಕೈ ಹಿಡಿಯಲಿಲ್ಲ, ಮುಂದೆ ನಡೆದರು. ಬಸ್ ಸ್ಟಾಪಿನ ತನಕ ಅವರ ಹಿಂದೆ ನಡೆದೆ. ಬಸ್ಸು ಬಂದಾಗ “ಊಟ ಆಗಿದೆಯಾ?” ಎಂದರು. ಆಗಿದೆ ಎಂದೆ. ಆಗಿರಲಿಲ್ಲ. ಸೇತುವೆ ದಾಟುವ ಹೊತ್ತಿಗೆ, ಅವರ ಒಂದೇ ಒಂದು ಗುಟ್ಟನ್ನು ಆಟದಲ್ಲಿ ಖರ್ಚು ಮಾಡಿ ಬಂದವಳಂತೆ ನನಗೆ ಅನಿಸುತ್ತಿತ್ತು.

ಇದನ್ನು ಬಾಯಿಯ ಮಗನಿಗೆ ಹೇಳಲಿಲ್ಲ. ಅವನೂ ರಕ್ಕಸನ ಮಾತು ಮತ್ತೆ ಎತ್ತಲಿಲ್ಲ. ಇನ್ನೂ ಏಳೆಂಟು ಆದಿತ್ಯವಾರ ಆಡಿದೆವು. ಕಣಿವೆ ದಾಟಿದೆ, ಹಿಮದ ಬಯಲು ದಾಟಿದೆ, ಒಂದು ಹೊಳೆಯಲ್ಲಿ ಮುಳುಗುವುದರಲ್ಲಿದ್ದೆ. ಪ್ಲಾಸ್ಟರ್ ಬಿಚ್ಚಿದ ದಿನ ಅವನ ಕಾಲು ಸಪೂರವಾಗಿ, ಬಿಳುಚಿಕೊಂಡು, ಬೇರೆ ಯಾರದೋ ಕಾಲಿನ ಹಾಗಿತ್ತು. ತಿಂಗಳೊಳಗೆ ಹೊರಟ. ಪೆಟ್ಟಿಗೆಯನ್ನೂ ಒಯ್ದ, ಹಡಗಿನಲ್ಲಿ ಬೇಕಾಗುತ್ತಿತ್ತು.

ಎರಡು ತಿಂಗಳ ಮೇಲೆ ಒಂದು ಕಾಗದ ಬಂತು. ಕ್ಷೇಮ ಸಮಾಚಾರ ಒಂದೇ ಸಾಲು. ಅದರ ಕೆಳಗೆ: ‘ನೀವು ಹೊಳೆ ದಾಟಿದ್ದೀರಿ. ಎದುರಿಗೆ ಸುಟ್ಟ ಊರು, ಒಂದು ಮನೆಯಲ್ಲಿ ಮಾತ್ರ ದೀಪ ಉಂಟು. ಏನು ಮಾಡ್ತೀರಿ?’ ಎರಡು ದಿನ ಯೋಚಿಸಿ, ಬಾಗಿಲು ತಟ್ಟುತ್ತೇನೆ ಎಂದು ಬರೆದೆ. ಉತ್ತರ ಬರಲು ಮೂರು ತಿಂಗಳು ಹಿಡಿಯಿತು. ಹೀಗೆ ಒಂದೂವರೆ ವರ್ಷದಲ್ಲಿ ನಾಲ್ಕು ಹೆಜ್ಜೆ ಇಟ್ಟೆ. ಐದನೆಯದಕ್ಕೆ ಉತ್ತರ ಬರಲಿಲ್ಲ. ಅವನು ಹಡಗು ಬಿಟ್ಟು ಕೆನಡಾದಲ್ಲಿ ನೆಲೆ ನಿಂತ ಸುದ್ದಿಯನ್ನೂ, ಅಲ್ಲೇ ಕೆಲಸದಲ್ಲಿದ್ದ ಒಬ್ಬ ನರ್ಸನ್ನು ಮದುವೆಯಾಗುವ ಸುದ್ದಿಯನ್ನೂ ಬಾಯಿ ಒಟ್ಟಿಗೇ ಹೇಳಿದರು. ಹೇಳಿ ಸ್ವಲ್ಪ ಹೊತ್ತು ನನ್ನ ಪಕ್ಕದಲ್ಲೇ ಕೂತಿದ್ದರು. ಒಳ್ಳೆಯ ಹೆಂಗಸು, ಏನನ್ನೂ ಕೇಳಲಿಲ್ಲ.

ಅದೇ ವರ್ಷ ಒಂದು ಆದಿತ್ಯವಾರ ಹನ್ನೊಂದರ ಹೊತ್ತಿಗೆ ಗೇಟಿನ ಸದ್ದಾಯಿತು. ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಅಪ್ಪ ನಿಂತಿದ್ದರು. ನಾನು ಆ ಮನೆಯಲ್ಲಿದ್ದ ಆರು ವರ್ಷಗಳಲ್ಲಿ ಅವರು ಅಲ್ಲಿಗೆ ಬಂದದ್ದು ಅದೇ ಮೊದಲು. ಮಾಳಿಗೆ ಹತ್ತಿ, ನನ್ನ ಕೋಣೆಯ ಒಂದೇ ಕುರ್ಚಿಯ ಅಂಚಿನಲ್ಲಿ ಕೂತರು. ಪುಸ್ತಕದ ರಾಶಿ ನೋಡಿ, “ಇಷ್ಟೂ ನೀನೇ ತಿದ್ದುವುದಾ?” ಎಂದರು. ಹೌದೆಂದೆ. ತೆಂಗಿನಕಾಯಿ ಅರೆದು ಮೀನು ಗಸಿ ಮಾಡಿದೆ, ಉಂಡರು. ಉಂಡ ಮೇಲೆ ಕುರ್ಚಿಯಲ್ಲೇ ಕುತ್ತಿಗೆ ವಾಲಿಸಿ ಎರಡು ಗಂಟೆ ನಿದ್ದೆ ಹೋದರು. ನಾನು ಹಾಸಿಗೆಯ ಮೇಲೆ ಕೂತು, ಪುಟ ತಿರುಗಿಸುವ ಸದ್ದಾಗದ ಹಾಗೆ, ಒಂಬತ್ತನೇ ಕ್ಲಾಸಿನ ಪ್ರಬಂಧಗಳನ್ನು ತಿದ್ದಿದೆ. ಅಪ್ಪ ನಾಲ್ಕಕ್ಕೆ ಎದ್ದು ಮುಖ ತೊಳೆದು, “ಮುಂದಿನ ತಿಂಗಳು ಬರ್ತೇನೆ” ಎಂದು ಹೇಳಿ ಮೆಟ್ಟಿಲಿಳಿದರು.

ಕೆಲವು ತಿಂಗಳು ಬಂದರು. ಕೆಲವು ತಿಂಗಳು ಬರಲಿಲ್ಲ.