ಹದಿನೇಳಕ್ಕೆ ಆರು ಕಡಿಮೆ

ಸರ್ ಅವರ ಎಡಗಣ್ಣು ಊಟ ಮಾಡುವಾಗಲೂ ಅರೆ ಮುಚ್ಚಿಕೊಂಡೇ ಇರುತ್ತಿತ್ತು. ಮೂವತ್ತು ವರ್ಷ ಬಲಗಣ್ಣನ್ನು ಕ್ಯಾಮೆರಾಕ್ಕೆ ಒತ್ತಿ, ಎಡಗಣ್ಣನ್ನು ಬಿಸಿಲಿಗೆ ಕಿರಿದು ಮಾಡಿ ಆದ ಅಭ್ಯಾಸ. ಎದುರು ಕೂತವರಿಗೆ ಈ ಮನುಷ್ಯ ತಮ್ಮನ್ನು ಅಳೆಯುತ್ತಿದ್ದಾನೆ ಅನ್ನಿಸುತ್ತಿತ್ತು. ಅಳೆಯುತ್ತಲೂ ಇದ್ದರು.

ಸಾಗರದ ಅವರ ಸ್ಟುಡಿಯೋದಲ್ಲಿ ನಾನು ಮದುವೆ ಆಲ್ಬಮ್‌ಗಳನ್ನು ಎಡಿಟ್ ಮಾಡುತ್ತಿದ್ದೆ. ಮದುಮಗಳ ಮುಖ ಬೆಳ್ಳಗೆ ಮಾಡುವುದರಲ್ಲಿ ನನ್ನ ಕೈ ಪಳಗಿತ್ತು. ಸರ್‌ಗೆ ಆ ಆಲ್ಬಮ್‌ಗಳು ಹೊಟ್ಟೆಪಾಡು. ಜೀವ ಇದ್ದದ್ದು ಬ್ಯಾಕೋಡಿನ ಕಡೆ. ಏಪ್ರಿಲ್‌ನಲ್ಲಿ ಅಣೆಕಟ್ಟಿನ ಹಿನ್ನೀರು ಇಳಿದರೆ ಅಲ್ಲಿ ಬಿರುಕು ಬಿಟ್ಟ ಬಯಲು ಮೈಲಿಗಟ್ಟಲೆ ತೆರೆದುಕೊಳ್ಳುತ್ತದೆ. ನೆರಳಿಗೆ ಒಂದು ಮರವಿಲ್ಲ, ಹಿಂದೆಂದೋ ಮುಳುಗಿ ಸತ್ತವುಗಳ ಬೊಡ್ಡೆಗಳಷ್ಟೇ. ಉಳಿದವರು ಮುಂಜಾನೆಯ ಬೆಳಕಿಗೆ ಓಡಿದರೆ ಇವರು ಸುಡು ಮಧ್ಯಾಹ್ನ ನೀರಿಗೆ ಬರುವ ಎಮ್ಮೆ, ನರಿ, ಕೊಕ್ಕರೆಗಳ ಹಿಂದೆ ಬೀಳುತ್ತಿದ್ದರು. ಬೆಳಗಿನ ಬೆಳಕು ಎಲ್ಲರಿಗೂ ಪೌಡರ್ ಹಚ್ಚುತ್ತದೆ, ಅದು ನಮಗೆ ಬೇಡ ಎನ್ನುತ್ತಿದ್ದರು.

ಕ್ರಮೇಣ ನನ್ನನ್ನೂ ಕರೆದುಕೊಂಡು ಹೋಗತೊಡಗಿದರು. ನಾನು ತೆಗೆದ ಚಿತ್ರದಲ್ಲಿ ಬೆಳ್ಳಕ್ಕಿಯ ರೆಕ್ಕೆ ಬಿಸಿಲಿಗೆ ಗರಿಯೇ ಕಾಣದಂತೆ ಬರೀ ಬಿಳಿಯಾಗಿ ಬಂದಿದ್ದರೆ ನನ್ನ ಕಣ್ಣೆದುರೇ ಡಿಲೀಟ್ ಒತ್ತುವರು. ಎಡಿಟ್‌ನಲ್ಲಿ ಸರಿ ಮಾಡುತ್ತೇನೆ ಅಂದರೆ, “ಸೀದ ಅನ್ನ ತಿರುಗಿ ಅಕ್ಕಿ ಆಗ್ತದಾ ಮಾರಾಯ್ತಿ?” ಪ್ರಾಣಿಗಳ ಕಣ್ಣ ಕೆಳಗಿನ ಕಪ್ಪು ನೆರಳನ್ನು ನಾನು ತಿಳಿ ಮಾಡಿದರೆ, ಬ್ಯೂಟಿ ಪಾರ್ಲರ್ ಬಾಗಿಲು ಹಾಕು ಎಂದು ಗಿರಾಕಿಗಳ ಮುಂದೆಯೇ ಹಂಗಿಸುತ್ತಿದ್ದರು. ಅವರನ್ನು ಎಷ್ಟೋ ಸಲ ದ್ವೇಷಿಸಿದ್ದೇನೆ. ಬಿಟ್ಟು ಹೋಗಲಿಲ್ಲ, ಯಾಕೆಂದರೆ ನನ್ನ ಚಿತ್ರಗಳು ಚೆನ್ನಾಗುತ್ತಿದ್ದವು.

ಎರಡನೇ ಬೇಸಿಗೆಯಲ್ಲಿ, ನೀರು ಕುಡಿಯಲು ಬಂದ ಎಮ್ಮೆಯೊಂದು ಹೂಳಿನಲ್ಲಿ ಹೊಟ್ಟೆಮಟ್ಟ ಸಿಕ್ಕಿಕೊಂಡಿತು. ಸರ್ ದೂರದಲ್ಲಿ ಜೀಪಿನ ಹತ್ತಿರವಿದ್ದರು. ನೆತ್ತಿಯ ಬಿಸಿಲಿಗೆ ಅದರ ಬೆನ್ನ ಮೇಲಿನ ಕೆಸರು ಹೊಳೆಯುತ್ತಿತ್ತು. ಅಂಥ ಚಿತ್ರ ಮತ್ತೆ ಸಿಗುವುದಿಲ್ಲವೆಂದು ತೆಗೆಯುತ್ತಲೇ ಹೋದೆ. ಆಮೇಲೆ ಕೂಗಿದೆ. ಅವರು ಹಗ್ಗ ತಂದು, ಊರವರನ್ನು ಕರೆದು, ತಾವೇ ಹೂಳಿಗಿಳಿದು ಎಳೆಯುವ ಹೊತ್ತಿಗೆ ಎಮ್ಮೆ ತಲೆ ಚೆಲ್ಲಿ ಪ್ರಾಣ ಬಿಟ್ಟಿತ್ತು.

ಮರುದಿನ ಕಂಪ್ಯೂಟರ್ ಮುಂದೆ ಕೂತು ಅವರು ಮೊದಲು ಚಿತ್ರ ನೋಡಲಿಲ್ಲ. ಪ್ರತಿ ಚಿತ್ರದ ಜೊತೆ ಕ್ಯಾಮೆರಾ ದಾಖಲಿಸುವ ಸಮಯ ನೋಡಿದರು. ಮೊದಲನೆಯದು ಹನ್ನೆರಡು ಹತ್ತು, ಕೊನೆಯದು ಹನ್ನೆರಡು ಇಪ್ಪತ್ತೇಳು.

“ಹದಿನೇಳು ನಿಮಿಷ ಅದು ನಿನ್ನನ್ನೇ ನೋಡ್ತಾ ಇತ್ತಲ್ಲ,” ಅಂದರು. “ಚಿತ್ರ ಚೆನ್ನಾಗಿ ಬಂದಿದೆ.”

ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಚೌಕಟ್ಟು ಕಟ್ಟಿಸಿ, ನನ್ನ ಮೇಜಿನ ಎದುರಿನ ಗೋಡೆಗೆ ತೂಗುಹಾಕಿದರು. ಕೆಳಗೆ ನನ್ನ ಹೆಸರು, ಆ ಎರಡು ಸಮಯ. ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರೆಲ್ಲ ಅದೇನೆಂದು ಕೇಳುವರು. ಸರ್ ಪ್ರತಿಯೊಬ್ಬರಿಗೂ ವಿವರಿಸುವರು. ನಾನು ತಲೆ ತಗ್ಗಿಸಿ ಮೌಸ್ ಆಡಿಸುತ್ತಿದ್ದೆ. ಆರು ವರ್ಷ ಹೀಗೇ ನಡೆಯಿತು. ಒಮ್ಮೆ ನನ್ನ ಅಮ್ಮ ಬಂದಾಗಲೂ ಬಿಡದೆ ವಿವರಿಸಿದರು.

ಕಳೆದ ಬೇಸಿಗೆ ಅದೇ ಬಯಲಿನಲ್ಲಿ, ಬಿಸಿಲು ಜಾಸ್ತಿಯಾಯಿತು, ನೀನು ಹೋಗು ಎಂದು ಸರ್ ಜೀಪಿನಲ್ಲೇ ಉಳಿದರು. ನಾನು ಬೊಡ್ಡೆಯೊಂದರ ಮರೆಯಲ್ಲಿ ಮಲಗಿದ್ದೆ. ನೀರುನಾಯಿಯೊಂದು ಮರಿಗಳೊಂದಿಗೆ ದಂಡೆ ಹತ್ತಿತು. ಆಗ ಜೇಬಿನಲ್ಲಿ ಫೋನ್ ನಡುಗಿತು. ಬಯಲಿನಲ್ಲಿ ಫೋನ್ ಸೈಲೆಂಟ್ ಇರಬೇಕೆಂಬುದು ಅವರದೇ ಕಟ್ಟಪ್ಪಣೆ. ಅಲ್ಲಿರುವಾಗ ಅವರು ಎಂದೂ ನನಗೆ ಕರೆ ಮಾಡಿದವರಲ್ಲ. ತೆಗೆದು ನೋಡಿದೆ, ಅವರ ಹೆಸರಿತ್ತು. ಮತ್ತೆ ಜೇಬಿಗಿಟ್ಟೆ. ಇನ್ನೊಮ್ಮೆ ನಡುಗಿತು. ನೀರುನಾಯಿ ನೀರಿಗಿಳಿಯುವವರೆಗೂ ಚಿತ್ರ ತೆಗೆದೆ.

ಜೀಪಿನ ಬಾಗಿಲು ತೆರೆದಿತ್ತು. ಸರ್ ಸೀಟಿಗೆ ಒರಗಿದ್ದರು, ಕೈಯಲ್ಲಿ ಫೋನ್ ಇತ್ತು, ಉಸಿರಿರಲಿಲ್ಲ. ಎಡಗಣ್ಣು ಪೂರ್ತಿ ತೆರೆದಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಬೇಗ ಬಂದಿದ್ದರೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಡಾಕ್ಟರುಗಳು ಎಲ್ಲರಿಗೂ ಹಾಗೇ ಹೇಳುತ್ತಾರೆ.

ಸ್ಟುಡಿಯೋವನ್ನು ಈಗ ನಾನು ನಡೆಸುತ್ತಿದ್ದೇನೆ. ನೀರುನಾಯಿಯ ಚಿತ್ರವನ್ನು ಎಮ್ಮೆಯ ಪಕ್ಕದಲ್ಲೇ ತೂಗುಹಾಕಿದ್ದೇನೆ. ನೆರಳು ತಿಳಿ ಮಾಡಿಲ್ಲ. ಸರ್ ಮೊದಲು ಕರೆ ಮಾಡಿದ ಸಮಯ, ನನ್ನ ಕೊನೆಯ ಚಿತ್ರದ ಸಮಯ, ಎರಡನ್ನೂ ಕೆಳಗೆ ನಾನೇ ಬರೆದೆ. ಕೇಳಿದವರಿಗೆಲ್ಲ ವಿವರಿಸುತ್ತೇನೆ. ನಡುವೆ ಹನ್ನೊಂದು ನಿಮಿಷ, ಹದಿನೇಳಕ್ಕೆ ಆರು ಕಡಿಮೆ. ಅಷ್ಟು ವರ್ಷ ಅವರ ಕೈಕೆಳಗಿದ್ದು ನಾನು ಕಲಿತದ್ದು ಆ ಆರು ನಿಮಿಷವಷ್ಟೇ.