ಗುಟುಕಪ್ಪನ ಅಂಗಳದ ಸುತ್ತು

ಗುಟುಕ್!

ಈ ಸದ್ದು ಕೇಳಿಸಿದ ಮೇಲೆಯೇ ಆ ಮನೆಯಲ್ಲಿ ಊಟ ಮುಂದುವರಿಯುತ್ತಿತ್ತು. ಅಲ್ಲಿಯವರೆಗೆ ಹೆಂಡತಿಯ ಕೈ ಸೌಟಿನ ಮೇಲೆ, ಮಗಳ ಕೈ ತಟ್ಟೆಯ ಮೇಲೆ ಹಾಗೆಯೇ ನಿಂತಿರುತ್ತಿದ್ದವು.

ಮನೆಯ ಯಜಮಾನ ಬೀದಿಯ ಮೂಲೆಯ ಅಂಗಡಿಯಲ್ಲಿ ಕೋಟು ಹೊಲಿಯುವ ಟೈಲರು. ಅವನ ಅನ್ನನಾಳಕ್ಕೆ ಕೆಳಗೊಂದು ಬಾಗಿಲು. ಎಷ್ಟೋ ವರ್ಷಗಳಿಂದ ಅದು ಮನಸ್ಸು ಬಂದಾಗ ಮಾತ್ರ ತೆರೆಯುತ್ತಿತ್ತು. ನುಂಗಿದ್ದು ಕರೆಯದೆ ಬಂದ ನೆಂಟನ ಹಾಗೆ ಎದೆಯ ನಡುವೆ ಠಿಕಾಣಿ ಹೂಡುತ್ತಿತ್ತು. ಆಗ ಅವನು ಮಾತಿಲ್ಲದೆ ಎದ್ದು, ಎರಡೂ ಕೈ ಮೇಲೆತ್ತಿ, ಅಂಗಳ ಸುತ್ತಿ ಬರುತ್ತಿದ್ದ. ಗುಟುಕ್ ಎಂದು ಇಳಿಯುತ್ತಿತ್ತು. ಬೀದಿಯವರು ಗುಟುಕಪ್ಪ ಎಂದೇ ಹೆಸರಿಟ್ಟರು. ಮಲಗಿದರೆ ತಿಂದದ್ದು ಬಾಯಿಗೆ ಬರುತ್ತಿದ್ದುದರಿಂದ, ದಿಂಬಿನ ಮೇಲೆ ದಿಂಬು ಪೇರಿಸಿ, ಬಸ್ಸಿನಲ್ಲಿ ಕೂತವನಂತೆ ನಿದ್ದೆ ಮಾಡುತ್ತಿದ್ದ. ಬಡಕಲಾಗುತ್ತ ಬಂದ ಹಾಗೆ ಪ್ಯಾಂಟುಗಳ ಸೊಂಟವನ್ನು ತಾನೇ ಕಿರಿದು ಮಾಡಿಕೊಂಡ. ಆಸ್ಪತ್ರೆಯ ಮಾತೆತ್ತಿದರೆ, "ಇಳಿಯುತ್ತಲ್ಲ, ಬಿಡೆ" ಎನ್ನುತ್ತಿದ್ದ.

ಮಗಳು ಒಬ್ಬ ಹುಡುಗನನ್ನು ಮೆಚ್ಚಿದಳು. ಹುಡುಗನ ತಾಯಿ, ನಿವೃತ್ತ ಮುಖ್ಯೋಪಾಧ್ಯಾಯಿನಿ, ಊಟಕ್ಕೆ ಬಂದರು. ರೋಗದ ಮನೆ ಎಂದುಕೊಂಡಾರೆಂದು ಯಾರೂ ಕಾಯಿಲೆಯ ಸುದ್ದಿ ಎತ್ತಲಿಲ್ಲ. ಆಕೆ, "ನಮ್ಮ ಹುಡುಗ ನಿಮಗೆ ಒಪ್ಪಿಗೆ ತಾನೆ?" ಎಂದು ಕೇಳಿದ್ದೂ ತುತ್ತು ಸಿಕ್ಕಿಕೊಂಡದ್ದೂ ಒಂದೇ ಗಳಿಗೆಯಲ್ಲಿ. ಗುಟುಕಪ್ಪ ಉತ್ತರ ಕೊಡದೆ ಎದ್ದು ನಡೆದ. ಕಿಟಕಿಯಾಚೆ ಅವನು ಆಕಾಶಕ್ಕೆ ಕೈಯೆತ್ತಿಕೊಂಡು ಓಡಾಡುವುದನ್ನು ಆಕೆ ನೋಡಿದರು. ಬ್ಯಾಗು ತೆಗೆದುಕೊಂಡು ಹೊರಟೇಹೋದರು. ಆಮೇಲೆ ಫೋನೂ ಇಲ್ಲ, ಮಾತೂ ಇಲ್ಲ.

ಮಗಳು ಬೈದಿದ್ದರೆ ಚೆನ್ನಾಗಿತ್ತು. ಅವಳು ಅಪ್ಪನಿಗೆ ಬಡಿಸಿ ಸುಮ್ಮನೆ ಒಳಗೆ ಹೋಗುತ್ತಿದ್ದಳು. ಆ ಮೌನ ಮಾತ್ರ ಎಷ್ಟು ಸುತ್ತು ಹಾಕಿದರೂ ಅವನಿಗೆ ಇಳಿಯಲಿಲ್ಲ. ಕೊನೆಗೆ ತಾನಾಗಿಯೇ ಆಸ್ಪತ್ರೆಗೆ ಹೊರಟ.

ಬಲೂನು ಇಳಿಸಿ ಬಾಗಿಲ ಬಿಗಿಯನ್ನು ಸಡಿಲಿಸುತ್ತೇವೆ ಎಂದರು ಡಾಕ್ಟರು. ಗುಟುಕಪ್ಪನಿಗೆ ತನ್ನ ಕಾಯಿಲೆಯ ಮೇಲೆ ಮೊದಲ ಸಲ ಆಸಕ್ತಿ ಹುಟ್ಟಿತು.

"ಎಷ್ಟು ಸಡಿಲ ಮಾಡ್ತೀರಿ ಸಾರ್?"

"ಬೇಕಾದಷ್ಟೇ. ಜಾಸ್ತಿ ಎಳೆದ್ರೆ ಹರಿಯುತ್ತೆ."

"ನಮ್ಮ ಹೊಲಿಗೇಲೂ ಅದೇ ಕಷ್ಟ. ಬಿಚ್ಚಿ ಸಡಿಲ ಮಾಡೋಕೆ ಒಳಗೆ ಮಡಿಕೆ ಬಿಟ್ಟಿದಾರಾ ನೋಡ್ಕೊಳ್ಳಿ."

ಡಾಕ್ಟರು ನಗುತ್ತಲೇ ಎಚ್ಚರಿಸಿದರು: ಪೂರ್ತಿ ವಾಸಿಯಾಗುವುದಿಲ್ಲ, ಮುಂದೆಂದೋ ಮತ್ತೆ ಬಿಗಿಯಾಗಬಹುದು. ನುಣ್ಣಗೆ ಅಗಿಯಬೇಕು, ನಡುನಡುವೆ ನೀರು ಕುಡಿಯಬೇಕು, ಉಂಡ ಕೂಡಲೇ ಮಲಗಬಾರದು.

ಬಲೂನಿನ ಚಿಕಿತ್ಸೆ ಮುಗಿದ ಮೇಲೆ ಹುಡುಗ ಕಾಡಿ ಬೇಡಿ ತಾಯಿಯನ್ನು ಇನ್ನೊಮ್ಮೆ ಊಟಕ್ಕೆ ಕರೆತಂದ. ಆಕೆ ಕುರ್ಚಿಯ ತುದಿಯಲ್ಲಿ, ಬ್ಯಾಗನ್ನು ಮಡಿಲಲ್ಲೇ ಇಟ್ಟುಕೊಂಡು ಕೂತರು. ಗುಟುಕಪ್ಪ ಮೊದಲ ತುತ್ತು ನುಂಗಿದ. ಹೆಂಡತಿಯ ಸೌಟು ನಿಂತಿತು. ಮಗಳ ಕೈ ನಿಂತಿತು. ಇಬ್ಬರೂ ಉಸಿರು ಬಿಗಿಹಿಡಿದು ಅವನ ಗಂಟಲನ್ನೇ ನೋಡಿದರು. ಸದ್ದಿಲ್ಲ. ತುತ್ತು ಕಳ್ಳಬೆಕ್ಕಿನಂತೆ ಆಗಲೇ ಇಳಿದುಹೋಗಿತ್ತು. ಅವನು ಎರಡನೆಯ ತುತ್ತು ಅಗಿಯುತ್ತಿದ್ದ.

"ಯಾಕೆ ಎಲ್ಲರೂ ಅವರನ್ನೇ ನೋಡ್ತಿದೀರಿ?" ಎಂದು ಆಕೆ ತರಗತಿಯ ದನಿಯಲ್ಲಿ ಕೇಳಿದರು.

ಹೆಂಡತಿ ತಡೆಯಲಾರದೆ ದಿಂಬುಗಳಿಂದ ಹಿಡಿದು ಬಲೂನಿನವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. ಆಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಅಷ್ಟೇನಾ! ಈ ಹುಡುಗನಿಂದ ಕಾಪಾಡಪ್ಪಾ ಅಂತ ದೇವರಿಗೆ ಕೈಯೆತ್ತಿದ್ರಿ ಅಂದ್ಕೊಂಡೆ. ಇನ್ಮೇಲೆ ನೀವು ಎಷ್ಟು ಸಲ ಎದ್ದು ಹೋದ್ರೂ ನಾನು ತಪ್ಪು ತಿಳ್ಕೊಳ್ಳಲ್ಲ, ಬೀಗರೇ."

ಬೀಗರೇ ಎಂಬ ಮಾತಿಗೆ ಮಗಳು ತಲೆ ತಗ್ಗಿಸಿ ನಕ್ಕಳು. ಆಕೆಯ ಬ್ಯಾಗು ಮಡಿಲಿನಿಂದ ನೆಲಕ್ಕಿಳಿಯಿತು. ಊಟ ಮುಗಿಯಿತು, ತಟ್ಟೆಗಳು ಒಳಗೆ ಹೋದವು, ಮದುವೆಯ ಮಾತು ಸರಾಗವಾಗಿ ಸಾಗಿತು.

"ಒಂದೇ ಒಂದು ಮಾತು," ಎಂದರು ಬೀಗಿತ್ತಿ. "ಮದುವೆ ಕೋಟು ಮಾತ್ರ ರೆಡಿಮೇಡೇ ಇರಲಿ. ಹೊಲಿಸಿದ್ದು ಭುಜದಲ್ಲಿ ಸರಿಯಾಗಿ ಕೂರಲ್ಲ ನೋಡಿ. ನಮ್ಮ ತಮ್ಮನದಂತೂ..."

ಗುಟುಕಪ್ಪ ಎದ್ದ. ಎರಡೂ ಕೈ ಮೇಲೆತ್ತಿ ಬಾಗಿಲು ದಾಟಿದ.

"ಪಾಪ, ಸಿಕ್ಕಿಕೊಂಡಿತು," ಎಂದು ಬೀಗಿತ್ತಿ ಲೊಚಗುಟ್ಟಿದರು.

ಹೆಂಡತಿ ಅಡುಗೆಮನೆಯತ್ತ ನೋಡಿದಳು. ತೊಳೆದು ಕವುಚಿಟ್ಟ ಗಂಡನ ತಟ್ಟೆ ಆಗಲೇ ಒಣಗಿತ್ತು.

"ಹೌದು, ಪಾಪ," ಎಂದಳು.

ಅವನು ಅಂಗಳದಲ್ಲಿ ಸುತ್ತು ಹಾಕಲಿಲ್ಲ. ಗೇಟನ್ನು ಮೊಣಕಾಲಿನಿಂದ ತಳ್ಳಿ, ಎತ್ತಿದ ಕೈ ಇಳಿಸದೆ, ತನ್ನ ಹೊಲಿಗೆ ಅಂಗಡಿಯ ಕಡೆಗೆ ನಡೆದುಬಿಟ್ಟ.