ಕಡೆಗೋಲಿನ ಹೊತ್ತು

ಓಣಿಯವರಿಗೆಲ್ಲ ಆಕೆ ಕಡೆಗೋಲು ದೊಡ್ಡಮ್ಮ. ಬೆಳಗ್ಗೆ ಅಡುಗೆಮನೆಯ ಕಂಬಕ್ಕೆ ಕಡೆಗೋಲು ಕಟ್ಟಿ, ಮೊಸರಿನ ಗಡಿಗೆಯ ಮುಂದೆ ಕೂತು ಹಗ್ಗ ಎಳೆಯತೊಡಗಿದಳೆಂದರೆ ಬಾಯಿಯೂ ಶುರುವಾಗುತ್ತಿತ್ತು. ಹಿಂದಿನ ದಿನ ನುಂಗಿಕೊಂಡ ಸಿಟ್ಟೆಲ್ಲ ಹೊರಗೆ. ಕೆಸರುಗಾಲಲ್ಲೇ ಒಳಗೆ ಬಂದ ಗಂಡ, ಉಂಡ ತಟ್ಟೆ ಎತ್ತದ ಮೈದುನ, ಅತ್ತಿಗೆ ಹಾಲಿಗೆ ನೀರು ಬೆರೆಸುತ್ತಾಳೆಂದು ಊರೆಲ್ಲ ಹೇಳಿಕೊಂಡು ಬಂದ ನಾದಿನಿ, ಯಾರನ್ನೂ ಬಿಡುತ್ತಿರಲಿಲ್ಲ.

ಯಾರೂ ಎದುರಾಡುವಂತೆಯೂ ಇರಲಿಲ್ಲ. ಕಡೆಯುವವಳನ್ನು ನಡುವೆ ಮಾತಾಡಿಸಬಾರದು, ಕೈ ನಿಂತರೆ ಬೆಣ್ಣೆ ಕೂಡುವುದಿಲ್ಲ ಎಂಬ ಕಟ್ಟಳೆಯನ್ನು ಅತ್ತೆಯೇ ಹಾಕಿಟ್ಟು ಹೋಗಿದ್ದಳು. ಶುದ್ಧ ಸುಳ್ಳು! ಅರೆಗಳಿಗೆ ಕೈ ಬಿಟ್ಟರೆ ಬೆಣ್ಣೆ ಎಲ್ಲಿಗೂ ಓಡಿಹೋಗುವುದಿಲ್ಲ. ಅದು ಅತ್ತೆಗೂ ಗೊತ್ತಿತ್ತು, ಸೊಸೆಗೂ ಗೊತ್ತಿತ್ತು. ಗಂಡಸರಿಗೆ ಮಾತ್ರ ಇಬ್ಬರೂ ಹೇಳಲಿಲ್ಲ. ಆ ಮನೆಯಲ್ಲಿ ಹೆಂಗಸಿಗೆಂದು ಇದ್ದದ್ದು ಅದೊಂದೇ ಹೊತ್ತು.

ಒಂದು ದಿನ ಮೈದುನ ಬೆಣ್ಣೆ ತೆಗೆಯುವ ಮಿಷನ್ ಹೊತ್ತು ತಂದ. "ಇನ್ನು ರಟ್ಟೆ ನೋಯಿಸ್ಕೋಬೇಡಿ ಅತ್ತಿಗೆ" ಎಂದು ಹಲ್ಲು ಕಿರಿದು ಗುಂಡಿ ಒತ್ತಿದ. ಆಕೆ ಸೆರಗು ಸಿಕ್ಕಿಸಿಕೊಂಡು ಬಂದು ನೋಡುವಷ್ಟರಲ್ಲಿ ಬೆಣ್ಣೆ ತೇಲುತ್ತಿತ್ತು. ಅದೂ ಚೆನ್ನಾಗಿಯೇ ಬಂದಿತ್ತು. ಆಕೆಗೆ ಮೈಯೆಲ್ಲ ಉರಿದುಹೋಯಿತು.

ಕಡೆಗೋಲು ಅಟ್ಟ ಸೇರಿತು. ಮಾರನೆಯ ಬೆಳಗಿನಿಂದ ಆಕೆಯನ್ನು ಕೂಗುವುದು ನಿಲ್ಲಲೇ ಇಲ್ಲ.

"ನನ್ನ ಅಂಗಿ ಎಲ್ಲೇ?"

"ಅತ್ತಿಗೆ, ಬಿಸಿನೀರು!"

"ಅತ್ತಿಗೇ, ಕರು ಬಿಚ್ಕೊಂಡಿದೆ ನೋಡಿ!"

ಗುಂಡಿ ಒತ್ತಿದರೆ ಮುಗಿಯುವ ಕೆಲಸಕ್ಕೆ ಕಟ್ಟಳೆ ಎಲ್ಲಿಂದ ಬರಬೇಕು? ದಿನದಿನದ ಸಿಟ್ಟು ಒಳಗೇ ಉಳಿಯಿತು. ಕೊನೆಗೊಮ್ಮೆ ಒಲೆಯ ಮುಂದೆಯೇ ಬಾಯಿ ತೆರೆದಳು.

"ಕೆಲಸ ಕಮ್ಮಿ ಆದ್ಮೇಲೂ ಯಾಕೆ ಕೂಗಾಡ್ತೀಯ?" ಎಂದು ಗಂಡ ಬಾಯಿ ಮುಚ್ಚಿಸಿದ.

ಆಕೆ ಮರುದಿನ ಎದ್ದವಳೇ ಅಟ್ಟದಿಂದ ಕಡೆಗೋಲು ಇಳಿಸಿದಳು. ಗಡಿಗೆಗೆ ಬಾವಿನೀರು ತುಂಬಿ, ಕಂಬಕ್ಕೆ ಹಗ್ಗ ಬಿಗಿದು, ಕೂತು ಎಳೆಯತೊಡಗಿದಳು. ಜೊತೆಗೆ ಬಾಯಿ. ನಾದಿನಿಯಿಂದ ಹಿಡಿದು, ಮಿಷನ್ ತಂದ ಮೈದುನನವರೆಗೆ ಒಬ್ಬೊಬ್ಬರದೂ ಜನ್ಮ ಜಾಲಾಡಿದಳು.

ಸದ್ದು ಕೇಳಿ ಗಂಡ ಬಂದು ಗಡಿಗೆಯೊಳಗೆ ಇಣುಕಿದ. "ಇದು ಬರೀ ನೀರು ಕಣೇ!"

"ಹೂಂ."

"ನೀರಲ್ಲಿ ಏನು ಬರುತ್ತೆ?"

"ಕಡೆಯೋವಾಗ ನಡುವೆ ಮಾತಾಡಿಸ್ಬೇಡಿ" ಎಂದಳು ಆಕೆ, ಹಗ್ಗ ನಿಲ್ಲಿಸದೆ. "ಕೂತ್ಕೊಳ್ಳಿ. ನಿಮ್ಮ ಸರದಿ ಇನ್ನೂ ಬಂದಿಲ್ಲ."

ಅವನು ಕೂತ.